ಮಂಜುಗಡ್ಡೆಗೆ ತೊಡಿಸಿದ ಸ್ವೆಟರ್

ಭಾನುವಾರ, ಫೆಬ್ರವರಿ ೯
ನಮ್ಮ ಮನೆಯ ಅಡುಗೆಮನೆ ಮೇಜಿನಿಂದ

ಪ್ರೀತಿಯ ದೊರೆಸಾನಿ,

ಹೇಗಿದ್ದೀಯೇ? ಹೊಸ ಮಂಡಿ ಹೇಳಿದ ಮಾತು ಕೇಳುತ್ತಿದೆಯೋ, ಇಲ್ಲ ನಿನ್ನ ಹಾಗೆ ಹಟ ಮಾಡುತ್ತಿದೆಯೋ? ಪ್ರತಿ ಸ್ಟಾಫ್ ಮೀಟಿಂಗಿನಲ್ಲೂ ‘ಕಾಲ ಬದಲಾಗಿದೆ’ ಎಂದು ನಮಗೆ ಹೇಳುತ್ತಿದ್ದವಳು ನೀನು. ಈಗ ಕಾಲೂ ಬದಲಾಯಿತು. ಬೇಗ ಎದ್ದು ಓಡಾಡುವಂತಾಗು. ಯಾರ ಮುಂದೆಯೂ ಮಂಡಿಯೂರದವಳಿಗೆ ಇನ್ನು ಮುಂದೆ ಊರಲೇಬಾರದೆಂದು ಡಾಕ್ಟರೇ ಅಪ್ಪಣೆ ಕೊಟ್ಟಿದ್ದಾರಂತೆ. ನಿನ್ನಷ್ಟು ಅದೃಷ್ಟ ಯಾರಿಗುಂಟು?

ಬರೆಯಲು ತಡವಾಯಿತು, ಬಯ್ಯಬೇಡ. ಆಪರೇಷನ್ ಆದ ವಾರವೇ ಬರೆಯೋಣವೆಂದು ಕೂತಿದ್ದೆ. ಆದರೆ ನಿನ್ನ ಮಗಳು ಫೋನಿನಲ್ಲಿ, “ಚಿಕ್ಕಮ್ಮ, ನೀವು ಬರೆದ್ರೆ ಅಮ್ಮ ನಗ್ತಾಳೆ, ನಕ್ಕರೆ ಹೊಲಿಗೆ ಎಳೆಯುತ್ತೆ” ಎಂದು ಹೆದರಿಸಿದಳು. ಮಂಡಿಯ ಹೊಲಿಗೆಗೂ ನಗುವಿಗೂ ಏನು ಸಂಬಂಧವೋ ನನಗೆ ತಿಳಿಯದು, ನಾನು ಕಲಿಸುವುದು ನಾಲ್ಕನೆಯ ತರಗತಿಯ ವಿಜ್ಞಾನ ಮಾತ್ರ. ಅಂತೂ ಸುಮ್ಮನಾದೆ. ಈಗ ಹೊಲಿಗೆ ಬಿಚ್ಚಿದ್ದಾರಂತೆ. ಇನ್ನು ನನ್ನ ಬಾಯಿಗೆ ಹಾಕಿದ್ದ ಹೊಲಿಗೆಯನ್ನೂ ಬಿಚ್ಚಬಹುದು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಮುಖ್ಯೋಪಾಧ್ಯಾಯಿನಿ. ‘ಹೂಂ, ನೋಡೋಣ’ ಎಂದು ಇಟ್ಟುಬಿಡುತ್ತೀ. ಕಾಗದವನ್ನು ಅರ್ಧಕ್ಕೆ ಇಡುವ ಶಕ್ತಿ ನಿನಗಿಲ್ಲ. ಹಾಸ್ಟೆಲಿನಲ್ಲಿ ನನಗೆ ಬಂದ ಕಾಗದಗಳನ್ನೂ ಕೊನೆಯ ಸಹಿಯ ತನಕ ಓದುತ್ತಿದ್ದವಳು ನೀನು.

ಶಾಲೆ ನೀನು ಬಿಟ್ಟುಹೋದ ಹಾಗೆಯೇ ಇದೆ. ಕೆಳಗಿನ ನಲ್ಲಿ ಸೋರುತ್ತದೆ, ಮೇಲಿನ ನಲ್ಲಿಯಲ್ಲಿ ನೀರಿಲ್ಲ. ನಿನ್ನ ಕುರ್ಚಿಯಲ್ಲಿ ಲೆಕ್ಕದ ಮೇಷ್ಟ್ರು ಪ್ರಭಾರಿಯಾಗಿ ಕೂತಿದ್ದಾರೆ. ಪ್ರಭಾರಿ ಎಂದರೆ ಭಾರ ಹೊರುವವರೆಂದು ಅವರು ತಿಳಿದಿದ್ದಾರೆ, ಹೊರಿಸುವವರೆಂದು ನಾವು ತಿಳಿದಿದ್ದೇವೆ. ಆದರೂ ಒಂದು ಮಾತು ಹೇಳಲೇಬೇಕು, ಅವರು ಪೂರ್ತಿ ಕುರ್ಚಿಯಲ್ಲಿ ಕೂರುವುದಿಲ್ಲ. ಅಂಚಿನಲ್ಲಿ ಕೂತು ಹಿಂದಿನ ಅರ್ಧವನ್ನು ನಿನಗೆಂದು ಬಿಟ್ಟಿರುತ್ತಾರೆ. ಅಂಥವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ, ಅರ್ಧ ಮಾಡಿಕೊಂಡಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ತರಗತಿಯ ಬ್ಲಾಗಿನಲ್ಲಿರುವ ತಪ್ಪುಗಳನ್ನೆಲ್ಲ ಅಳಿಸಿ, ಸರಿಯಾದದ್ದನ್ನು ಮಾತ್ರ ಉಳಿಸಬೇಕೆಂಬ ನಿನ್ನ ಆಜ್ಞೆ ಅವರ ಮೂಲಕ ನನಗೆ ತಲುಪಿತು.

ಅಳಿಸುವುದಿಲ್ಲ.

ಇನ್ನು ಯಾಕೆಂದು ಕೇಳು. ಬ್ಲಾಗ್ ಎಂದರೆ ಶಾಲೆಯ ಹೆಸರಿನಲ್ಲಿ ನಾನು ಫೋಟೋ ಹಾಕುವ ಜಾಗ ಎಂದು ನೀನು ತಿಳಿದಿದ್ದೀಯ. ಅದನ್ನು ನೀನು ಒಂದು ದಿನವೂ ತೆರೆದು ನೋಡಿಲ್ಲವೆಂದು ನನಗೆ ಗೊತ್ತು. ನೋಡಿದ್ದರೆ ಕಾಗುಣಿತ ತಿದ್ದದೆ ಬಿಡುವ ಹೆಂಗಸೇ ನೀನು? ಅದು ಶುರುವಾದದ್ದು ಹೀಗೆ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಕೈ ಎತ್ತುವವರು ಯಾವಾಗಲೂ ಅದೇ ಮುಂದಿನ ಬೆಂಚಿನವರು. ಉಳಿದವರು ಅವರ ಉತ್ತರಕ್ಕಾಗಿ ಕಾದು, ಅದನ್ನೇ ಬರೆದುಕೊಂಡು, ತಾವೂ ಹಾಗೆಯೇ ಯೋಚಿಸಿದ್ದೆವೆಂದು ನಂಬಿಬಿಡುತ್ತಿದ್ದರು. ಯಾರ ತಲೆಯಲ್ಲಿ ಏನಿದೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಗ್ರಂಥಾಲಯದ ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿದ್ದ ಆ ಹಳೆಯ ಕಂಪ್ಯೂಟರನ್ನು ಎಬ್ಬಿಸಿ, ಮಕ್ಕಳನ್ನು ಸರದಿಯಲ್ಲಿ ಕೂರಿಸಿ ಬರೆಸತೊಡಗಿದೆ.

ಅಲ್ಲಿ ಇರುವುದು ಒಂದೇ ಕಾನೂನು. ಪ್ರಯೋಗಕ್ಕೆ ಮುಂಚೆ ಏನಾಗುತ್ತದೆಂದು ಪ್ರತಿಯೊಬ್ಬರೂ ಊಹೆ ಬರೆಯಬೇಕು. ಪ್ರಯೋಗವಾದ ಮೇಲೆ ಕಂಡದ್ದನ್ನು ಅದರ ಕೆಳಗೆ ಬರೆಯಬೇಕು. ಮೇಲಿನದನ್ನು ಮುಟ್ಟುವ ಹಾಗಿಲ್ಲ. ಬರೆದವರೂ ಮುಟ್ಟುವ ಹಾಗಿಲ್ಲ, ನಾನೂ ಮುಟ್ಟುವ ಹಾಗಿಲ್ಲ. ನನಗಿರುವುದು ನಡುವೆ ಪ್ರಶ್ನೆ ಹಾಕುವ ಹಕ್ಕು ಮಾತ್ರ.

ಎಲ್ಲದಕ್ಕೂ ‘ಯಾಕೆ’ ಎನ್ನುವ ಒಬ್ಬನಿದ್ದಾನೆ, ಅವನಿಗೆ ನಾನು ಯಾಕಯ್ಯ ಎಂದೇ ಹೆಸರಿಟ್ಟಿದ್ದೇನೆ. ನೆರಳಿನ ಪಾಠದಲ್ಲಿ ಅವನು ಬರೆದ: “ಬೆಳಿಗ್ಗೆ ನೆರಳು ಉದ್ದ ಇರುತ್ತೆ. ಆಗ ತಾನೇ ಎದ್ದು ಮೈ ಮುರೀತಾ ಇರುತ್ತೆ.” ಹಾಗಾದರೆ ಸಂಜೆ ಯಾಕೆ ಉದ್ದ ಎಂದು ಕೆಳಗೆ ನಾನು ಕೇಳಿದೆ. “ಸುಸ್ತಾಗಿ ಕಾಲು ಚಾಚಿರುತ್ತೆ” ಎಂದು ಉತ್ತರ ಬಂತು. ಅಂಗಳದಲ್ಲಿ ಕೋಲು ನೆಟ್ಟು, ಬಿಡುವಾದಾಗಲೆಲ್ಲ ಓಡಿಹೋಗಿ ನೆರಳಿನ ತುದಿಗೆ ಕಲ್ಲಿಟ್ಟು ಬಂದ ಮೇಲೆ ಅವನೇ ಬರೆದ: “ಸೂರ್ಯ ಕೆಳಗಿದ್ರೆ ಉದ್ದ, ಮೇಲಿದ್ರೆ ಗಿಡ್ಡ. ನೆರಳಿಗೆ ನಿದ್ದೆ ಬರಲ್ಲ. ನನಗೆ ಬರುತ್ತೆ.” ಈ ಕೊನೆಯ ಸಾಲನ್ನು ಮಾತ್ರ ಉಳಿಸಿ ಮೊದಲಿನೆರಡನ್ನು ಅಳಿಸು ಎನ್ನುತ್ತೀಯಲ್ಲ, ನೀನೇ ಹೇಳು, ಆಮೇಲೆ ಅಲ್ಲಿ ಉಳಿಯುವುದೇನು? ಪಠ್ಯಪುಸ್ತಕ ಉಳಿಯುತ್ತದೆ. ಅದು ಆಗಲೇ ಅಚ್ಚಾಗಿದೆಯಲ್ಲ.

ಆದರೆ ಜಗಳ ಹುಟ್ಟಿದ್ದು ಯಾಕಯ್ಯನಿಂದಲ್ಲ, ಕಿಟಕಿಯ ಪಕ್ಕದ ಹುಡುಗಿಯಿಂದ. ಅವಳು ನಿನಗೆ ನೆನಪಿರಲಾರಳು, ನೆನಪಿರುವಂಥದ್ದೇನನ್ನೂ ಅವಳು ಮಾಡಿದವಳಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆಯೇ ಹೊರತು ಬಾಯಿ ತೆರೆಯುವುದಿಲ್ಲ. ಮಕ್ಕಳು ಅವಳನ್ನು ‘ಸೈಲೆಂಟ್ ಮೋಡ್’ ಎಂದು ಕರೆಯುತ್ತಾರೆ. ಆ ಮಗುವಿನ ದನಿ ಗಂಡೋ ಹೆಣ್ಣೋ ತನಗೆ ಗೊತ್ತಿಲ್ಲವೆಂದು ಮೂರನೆಯ ತರಗತಿಯ ಟೀಚರ್ ನನಗೆ ಒಪ್ಪಿಸುವಾಗಲೇ ಹೇಳಿದ್ದಳು. ಬ್ಲಾಗಿನಲ್ಲೂ ಎಷ್ಟೋ ದಿನ ತನ್ನ ಸರದಿ ಬಂದಾಗ ಕೂತು, ಪರದೆ ನೋಡಿ, ಎದ್ದು ಹೋಗುತ್ತಿದ್ದಳು. ನಾನೂ ಒತ್ತಾಯ ಮಾಡಲಿಲ್ಲ. ಗುರು ಎಂದರೆ ಗುರ್ ಎನ್ನುವವರಲ್ಲ ಎಂದು ಇಷ್ಟು ವರ್ಷಕ್ಕೆ ಕಲಿತಿದ್ದೇನೆ.

ಆಮೇಲೆ ಐಸಿನ ಪಾಠ ಬಂತು. ಒಂದೇ ಅಳತೆಯ ಎರಡು ಮಂಜುಗಡ್ಡೆ. ಒಂದನ್ನು ತಟ್ಟೆಯಲ್ಲಿ ಹಾಗೇ ಇಡುವುದು, ಇನ್ನೊಂದಕ್ಕೆ ಸ್ವೆಟರ್ ಸುತ್ತಿ ಇಡುವುದು. ಯಾವುದು ಮೊದಲು ಕರಗುತ್ತದೆ? ಆ ದಿನ ಅವಳು ಕೂತಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದಳು: “ಸ್ವೆಟರ್ ಹಾಕಿದ ಐಸ್ ಬೇಗ ಕರಗುತ್ತೆ. ಸ್ವೆಟರ್ ಬಿಸಿ ಕೊಡುತ್ತೆ. ಪಾಪ ಐಸಿಗೆ ಸೆಕೆ ಆಗುತ್ತೆ.”

ನಮ್ಮ ಶಾಲೆಗೆ ಸೇರಿದಾಗಿನಿಂದ ಅವಳು ತಾನಾಗಿ ಹೇಳಿದ ಮೊದಲ ಮಾತು ಅದು. ತಪ್ಪು ಮಾತು. ತಪ್ಪಾದರೇನು, ನಾನು ಎದ್ದು ಕುಣಿಯುವುದೊಂದು ಬಾಕಿ.

ಪ್ರಯೋಗವಾಯಿತು. ತಟ್ಟೆಯಲ್ಲಿದ್ದದ್ದು ನೀರಾದ ಮೇಲೂ ಸ್ವೆಟರ್‌ನೊಳಗಿನದು ಗಟ್ಟಿಯಾಗಿ ಕೂತಿತ್ತು. ತರಗತಿಯೆಲ್ಲ ಹೋ ಎಂದಿತು, ಅವಳು ಹೋ ಎನ್ನಲಿಲ್ಲ. ನಂಬಲೂ ಇಲ್ಲ. ಅವಳು ಬರೆದ ಎರಡನೆಯ ಊಹೆ ಕೇಳು: “ಮಿಸ್ ತಂದಿದ್ದು ಹಳೇ ಸ್ವೆಟರ್. ಅದರಲ್ಲಿ ಬಿಸಿ ಮುಗಿದುಹೋಗಿದೆ.” ನನ್ನ ಸ್ವೆಟರಿಗೂ ವಯಸ್ಸಾಯಿತೆಂದು ಲೋಕಕ್ಕೆಲ್ಲ ಸಾರಿದಳು. ಮಾರನೆಯ ದಿನ ತನ್ನದೇ ಹೊಸ ಸ್ವೆಟರ್ ತಂದಳು. ಅದೂ ಹಾಗೆಯೇ ಆಯಿತು. ಆಗ ಒಂದು ಕೆಲಸ ಮಾಡಿದಳು, ನಾನು ಹೇಳಿಕೊಟ್ಟದ್ದಲ್ಲ. ಖಾಲಿ ಸ್ವೆಟರಿನೊಳಗೆ ಥರ್ಮಾಮೀಟರ್ ಇಟ್ಟು ಮಡಚಿ, ಊಟದ ಬಿಡುವಿನ ತನಕ ಅದರ ಪಕ್ಕದಲ್ಲೇ ಕೂತಳು. ಗೋಡೆಯ ಮೇಲಿನ ಥರ್ಮಾಮೀಟರ್ ಎಷ್ಟು ತೋರಿಸುತ್ತಿತ್ತೋ ಸ್ವೆಟರಿನೊಳಗಿನದೂ ಅಷ್ಟೇ ತೋರಿಸಿತು.

ಆಮೇಲೆ ಬರೆದದ್ದನ್ನು ನಾನು ಇಲ್ಲಿ ಹಾಗೆಯೇ ಇಳಿಸುತ್ತೇನೆ: “ಸ್ವೆಟರ್ ಹತ್ರ ಬಿಸಿ ಇಲ್ಲ. ನಾನು ಹಾಕ್ಕೊಂಡಾಗ ಇರೋ ಬಿಸಿ ನಂದು. ಸ್ವೆಟರ್ ಅದನ್ನ ಹೊರಗೆ ಹೋಗೋಕೆ ಬಿಡಲ್ಲ. ಐಸಿಗೆ ಹಾಕಿದರೆ ಹೊರಗಿನ ಬಿಸಿನ ಒಳಗೆ ಬರೋಕೆ ಬಿಡಲ್ಲ. ಸ್ವೆಟರ್ ಬಾಗಿಲು ಥರ.”

ಶಾಖದ ಪಾಠವನ್ನು ನೀನೂ ನಾನೂ ಟ್ರೈನಿಂಗ್ ಕಾಲೇಜಿನಲ್ಲಿ ಉರು ಹೊಡೆದಿದ್ದೆವಲ್ಲ, ನಮ್ಮಿಬ್ಬರ ಬಾಯಿಂದ ಇಂಥದೊಂದು ವಾಕ್ಯ ಬಂದಿತ್ತೇ?

ಇದರ ನಡುವೆಯೇ ಆದದ್ದು ಅನಾಹುತ. ಯಾರೋ ಪುಣ್ಯಾತ್ಮರು ಅವಳ ಮೊದಲ ಊಹೆಯನ್ನು ಮಾತ್ರ ಫೋಟೋ ಹಿಡಿದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ‘ವಕೀಲರ ಮಗಳ ವಾದ: ಐಸಿಗೂ ಸೆಕೆ’ ಎಂದು ಮೇಲೊಂದು ಒಗ್ಗರಣೆ. ಕೆಳಗೆ ಹಲ್ಲು ಕಿರಿಯುವ ಹಳದಿ ಮುಖಗಳ ಸಾಲು. ಅವಳ ಅಪ್ಪ ವಕೀಲರು. ನ್ಯಾಯಾಲಯದ ಕ್ಯಾಂಟೀನಿನಲ್ಲೂ ಯಾರೋ ಅದನ್ನೆತ್ತಿ ನಗಾಡಿದರಂತೆ. ನಿನಗೆ ಫೋನ್ ಮಾಡಿ, ಶಾಲೆ ತಪ್ಪುಗಳನ್ನು ಪ್ರಕಟಿಸುತ್ತಿದೆ ಎಂದು ದೂರಿದವರು ಅವರೇ ಎಂದು ಪ್ರಭಾರಿಗಳು ಹೇಳಿದರು. ಬರುವ ಶುಕ್ರವಾರ ತಪಾಸಣೆಯ ತಂಡ ಬರುತ್ತದೆ, ಬ್ಲಾಗನ್ನು ದೊಡ್ಡ ಪರದೆಯ ಮೇಲೆ ನೋಡುತ್ತದೆ, ಅಷ್ಟರೊಳಗೆ ಅದು ಚೊಕ್ಕಟವಾಗಿರಬೇಕು, ಇಲ್ಲವಾದರೆ ಬ್ಲಾಗೂ ಇಲ್ಲ, ನಾಲ್ಕನೆಯ ತರಗತಿಯ ವಿಜ್ಞಾನವೂ ನನ್ನ ಕೈಯಲ್ಲಿ ಇರುವುದಿಲ್ಲ ಎಂದು ಸೇರಿಸಿದರು. ನನ್ನನ್ನು ಕೈತೋಟದ ಉಸ್ತುವಾರಿಗೆ ಹಾಕುತ್ತಾರಂತೆ. ನಮ್ಮ ಶಾಲೆಯಲ್ಲಿ ಕೈ ಇದೆ, ತೋಟ ಎಲ್ಲಿದೆ? ಬ್ಲಾಗ್ ಹಾಕಿದವಳು ಈಗ ಲಾಗ ಹಾಕಬೇಕಂತೆ. ಈ ವಯಸ್ಸಿನಲ್ಲಿ ಲಾಗ ಹಾಕಿದರೆ ನನ್ನ ಮಂಡಿಯೂ ನಿನ್ನ ಡಾಕ್ಟರ ಪಾಲಾಗುತ್ತದೆ.

‘ಅಳಿಸು’ ಎನ್ನುವ ಮಾತಿಗೆ ನಮ್ಮ ಭಾಷೆ ಎರಡು ಅರ್ಥ ಇಟ್ಟಿದೆಯಲ್ಲ, ಸುಮ್ಮನೆ ಇಟ್ಟಿಲ್ಲ ಕಣೇ. ಒಂದನ್ನು ಮಾಡಿದರೆ ಇನ್ನೊಂದು ತಾನಾಗಿ ಆಗುತ್ತದೆ.

ಇನ್ನೊಂದು ವಿಷಯ ನಿನಗೆ ಹೇಳದೆ ಇರಲಾರೆ. ಆಜ್ಞೆ ಮುಟ್ಟಿಸಿದ ದಿನವೇ ಸಂಜೆ ಪ್ರಭಾರಿಗಳು ನನ್ನ ತರಗತಿಯ ಬಾಗಿಲಿಗೆ ಬಂದು, ಕಾರಿಡಾರಿನಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, “ಅಂದ ಹಾಗೆ ಮೇಡಂ, ಯಾವ ಐಸು ಮೊದಲು ಕರಗಿತು?” ಎಂದು ಕೇಳಿದರು. ನಾನು ಹೇಳಲಿಲ್ಲ. ನಿಮ್ಮ ಊಹೆ ಬ್ಲಾಗಿನಲ್ಲಿ ಬರೆಯಿರಿ ಸಾರ್, ಆಮೇಲೆ ಹೇಳುತ್ತೇನೆ ಎಂದೆ. ಅವರು ಗಂಟಲು ಸರಿಮಾಡಿಕೊಂಡು ಹೊರಟುಹೋದರು. ಅವರ ಊಹೆ ಏನಿತ್ತೆಂದು ಅವರ ಕಿವಿಯ ಬಣ್ಣವೇ ಹೇಳುತ್ತಿತ್ತು.

ಹೊರಗೆ ತರಕಾರಿಯವನು ಕೂಗುತ್ತಿದ್ದಾನೆ. ಇಷ್ಟಕ್ಕೆ ನಿಲ್ಲಿಸಿ ನಾಳೆ ಮುಂದುವರಿಸುತ್ತೇನೆ.

ಬುಧವಾರ, ಸಂಜೆ

ನಾಳೆ ಎಂದದ್ದು ಬುಧವಾರವಾಯಿತು. ನಡುವೆ ಒಂದು ದೊಡ್ಡ ಸಂಗತಿ ನಡೆದುಹೋಯಿತು. ಕಾಫಿ ಏನಾದರೂ ಕುಡಿಯುತ್ತಿದ್ದರೆ ಪಕ್ಕಕ್ಕಿಡು.

ನಿನ್ನೆ ಮೂರನೆಯ ಪೀರಿಯಡ್ಡಿನಲ್ಲಿ ವಕೀಲರೇ ಬಂದರು. ಕರಿ ಕೋಟು ತೋಳಿನ ಮೇಲಿತ್ತು, ಹಿಂದೆ ಪ್ರಭಾರಿಗಳು. ಕೂಗಾಡುತ್ತಾರೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಕೂಗಾಡಿದ್ದರೆ ನನಗೆ ಸುಲಭವಿತ್ತು, ಕೂಗುವವರಿಗೆ ಉತ್ತರ ಕೊಡುವುದರಲ್ಲಿ ನಾನು ಪಳಗಿದವಳು. ಅವರು ಬಹಳ ಮೆತ್ತಗೆ ಮಾತಾಡಿದರು. ಬ್ಲಾಗಿನ ಮೇಲೆ ತಮಗೆ ದ್ವೇಷವಿಲ್ಲ, ಉಳಿದ ಮಕ್ಕಳದ್ದು ನಿಮ್ಮಿಷ್ಟ, ತಮ್ಮ ಮಗಳದ್ದನ್ನು ಮಾತ್ರ ತೆಗೆದುಬಿಡಿ ಎಂದರು. ಅವಳು ಮೊದಲೇ ಮಾತಾಡದ ಮಗು, ಮಾತಾಡಿದ ಒಂದು ಮಾತಿಗೆ ಊರೆಲ್ಲ ನಕ್ಕಿತು, ಇನ್ನು ಅವಳು ಬಾಯಿ ಬಿಟ್ಟಾಳೆಯೇ ಎಂದು ಕೇಳಿದರು. ಸುಳ್ಳು ಹೇಳಲಾರೆ ಕಣೇ. ಅವರು ಹೇಳುತ್ತಿದ್ದದ್ದು ನನ್ನ ಭಯವನ್ನೇ.

ಪ್ರಭಾರಿಗಳು ಇದೇ ಸಮಯವೆಂದು, ಒಂದೇ ಒಂದು ಅಲ್ಲವೇ ಮೇಡಂ, ಒಂದನ್ನು ಕಳೆದರೆ ಏನು ಹೋಗುತ್ತದೆ ಎಂದು ತಮ್ಮ ಲೆಕ್ಕ ಶುರುಮಾಡಿದರು.

ನಾನು ವಕೀಲರಿಗೆ ಹೇಳಿದೆ, ಅದು ನಾನು ಬರೆದದ್ದಲ್ಲ, ನೀವು ಬರೆದದ್ದೂ ಅಲ್ಲ, ಬರೆದವಳು ಕಿಟಕಿಯ ಪಕ್ಕದಲ್ಲಿ ಕೂತಿದ್ದಾಳೆ, ಅವಳನ್ನೇ ಕೇಳಿ, ಅವಳು ತೆಗೆಯಿರಿ ಎಂದರೆ ನನ್ನ ಕಾನೂನನ್ನು ನಾನೇ ಮುರಿಯುತ್ತೇನೆ.

ಹೇಳಿದ್ದೇನೋ ಹೇಳಿಬಿಟ್ಟೆ. ಮಾತೇ ಆಡದವಳ ಮೇಲೆ ಎಲ್ಲವನ್ನೂ ಹೊರಿಸಿಬಿಟ್ಟೆನಲ್ಲ ಅನ್ನಿಸಿತು. ಇಡೀ ತರಗತಿ ತಿರುಗಿ ಅವಳನ್ನು ನೋಡಿತು. ಅವಳು ಮೇಜಿನ ಗೀರನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು. ವಕೀಲರು ಬಗ್ಗಿ, ಮೆಲ್ಲಗೆ, “ತೆಗೆಸಿಬಿಡೋಣ ಅಲ್ವಾ ಮರಿ?” ಎಂದರು.

ಅವಳು ಎದ್ದು ನಿಂತಳು. ದನಿ ಸಣ್ಣಗಿತ್ತು, ಆದರೆ ಮುರಿಯಲಿಲ್ಲ.

“ಮೇಲಿಂದು ತೆಗೆದ್ರೆ, ಕೆಳಗಿಂದು ನಾನು ಪುಸ್ತಕ ನೋಡಿ ಬರೆದೆ ಅಂದ್ಕೋತಾರೆ.”

ಅಪ್ಪನಿಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಬೇಡವಾಯಿತೋ, “ನಿನಗೆ ಗೊತ್ತಾಗಲ್ಲ, ಕೂತ್ಕೋ” ಎಂದರು.

ಅವಳು ಕೂರಲಿಲ್ಲ. “ನಾನೇ ಕಂಡುಹಿಡಿದಿದ್ದು ಅಪ್ಪ. ಮೊದಲು ಗೊತ್ತಿರಲಿಲ್ಲ ಅಂತ ಅಲ್ಲಿ ಇದ್ರೇನೇ ಅದು ನಂದು.”

ದೊರೆಸಾನಿ, ನಾನು ಪಾಠ ಮಾಡಲು ಶುರುಮಾಡಿದಾಗಿನಿಂದ ಹೇಳಬೇಕೆಂದು ಒದ್ದಾಡಿದ್ದನ್ನು ಆ ಮಗು ನಿಂತಲ್ಲೇ ಹೇಳಿ ಮುಗಿಸಿತು. ನಾನು ತಿರುಗಿ ಬೋರ್ಡು ಒರೆಸಿದೆ. ಬೋರ್ಡಿನ ಮೇಲೆ ಏನೂ ಇರಲಿಲ್ಲ.

ವಕೀಲರು ಕರಗಿಹೋಗಿ ಮಗಳನ್ನು ಅಪ್ಪಿಕೊಂಡರು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಅವರು ಕೋಟನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿ, ದೂರನ್ನು ಬರವಣಿಗೆಯಲ್ಲೇ ಕೊಡುತ್ತೇನೆ ಎಂದು ಪ್ರಭಾರಿಗಳಿಗೆ ಹೇಳಿ ಹೊರಟರು. ಬಾಗಿಲ ಹತ್ತಿರ ಮಾತ್ರ ನಿಂತು ಮಗಳಿಗೆ, “ಸಂಜೆ ವ್ಯಾನಿಗೆ ಹೋಗಬೇಡ, ನಾನೇ ಬರ್ತೀನಿ” ಎಂದರು. ಅದು ಪ್ರೀತಿಗೋ ವಿಚಾರಣೆಗೋ ಗೊತ್ತಾಗಲಿಲ್ಲ. ಸಂಜೆ ಗೇಟಿನ ಬಳಿ ನೋಡಿದೆ. ಅವಳು ಮೋಟರ್‌ಸೈಕಲ್ ಹತ್ತುವ ಮುಂಚೆ ಅವರು ಏನೋ ಕೇಳಿದರು, ಅವಳು ಕೈಯಲ್ಲಿ ಗಾಳಿಯಲ್ಲೇ ಸ್ವೆಟರ್ ಮಡಚಿ ತೋರಿಸುತ್ತಿದ್ದಳು. ಅವರು ನಗಲಿಲ್ಲ, ಆದರೆ ಇಂಜಿನ್ ಆಫ್ ಮಾಡಿದರು.

ಇತ್ತ ತರಗತಿಯಲ್ಲಿ, ಅಪ್ಪ ಹೊರಗೆ ಹೋದದ್ದೇ ತಡ, ಯಾಕಯ್ಯ ಅವಳ ಹತ್ತಿರ ಹೋಗಿ, “ಏಯ್, ನಿನ್ನ ಸೈಲೆಂಟ್ ಮೋಡ್ ಯಾರು ತೆಗೆದ್ರು?” ಎಂದು ಕೇಳಿದ. ಅವಳು ಅವನಿಗೆ ಉತ್ತರ ಕೊಡಲಿಲ್ಲ. ಎಲ್ಲ ಪ್ರಶ್ನೆಗೂ ಉತ್ತರ ಕೊಡಬೇಕಾಗಿಲ್ಲವೆಂದು ಅವಳಿಗೆ ಮೊದಲೇ ಗೊತ್ತು, ಅದನ್ನೇನೂ ನಾನು ಕಲಿಸಬೇಕಾಗಿಲ್ಲ.

ಅದೇ ದಿನ ಮಧ್ಯಾಹ್ನ ಪ್ರಭಾರಿಗಳು ನನ್ನನ್ನು ಕರೆಸಿದರು. ಮುಖ ಸಣ್ಣಗಾಗಿತ್ತು. “ಮೇಡಂ, ಶುಕ್ರವಾರದೊಳಗೆ ಅಳಿಸದಿದ್ರೆ ನಿಮ್ಮ ತರಗತಿ ಬೇರೆಯವರಿಗೆ ಕೊಡಬೇಕಾಗುತ್ತೆ. ನನಗಿಷ್ಟ ಇಲ್ಲ. ಆದರೆ ಮೇಲಿಂದ ಹೇಳಿದಾರೆ” ಎಂದರು. ಅವರ ಮೇಲೆ ಇರುವುದು ಫ್ಯಾನು ಮತ್ತು ನೀನು. ಫ್ಯಾನು ಕೆಟ್ಟು ತಿಂಗಳಾಯಿತು.

“ಕೊಡಿ ಸಾರ್” ಎಂದೆ. “ಕೊಡೋ ತನಕ ಅದು ನಂದು.”

ಈಗ ನನ್ನ ಉತ್ತರ ಕೇಳು, ದೊರೆಸಾನಿ. ಶುಕ್ರವಾರ ಆ ತಂಡದ ಮುಂದೆ ಪರದೆ ಇಳಿಸಿದಾಗ ಮೊದಲು ತೆರೆಯುವುದು ಕಿಟಕಿ ಹುಡುಗಿಯ ಪುಟವನ್ನೇ. ಎರಡು ತಪ್ಪೂ ಮೇಲೆಯೇ ಇರುತ್ತವೆ. ಕಾಗುಣಿತದ ತಪ್ಪುಗಳೂ ಇರುತ್ತವೆ, ಲೆಕ್ಕ ಹಾಕಿಕೊಳ್ಳಲಿ. ಬಂದ ಸಾಹೇಬರಿಗೆ ಕುರ್ಚಿ, ನೀರು ಕೊಡುವ ಮುಂಚೆ ಎರಡು ಮಂಜುಗಡ್ಡೆ, ಒಂದು ಸ್ವೆಟರ್ ಕೊಟ್ಟು ಊಹೆ ಬರೆಯಿರಿ ಎನ್ನುತ್ತೇನೆ. ಬರೆಯದಿದ್ದವರಿಗೆ ತಪ್ಪು ಹುಡುಕುವ ಹಕ್ಕಿಲ್ಲ. ಇದು ನಮ್ಮ ತರಗತಿಯ ಕಾನೂನು, ತರಗತಿಯೊಳಗೆ ಕಾಲಿಟ್ಟ ಎಲ್ಲರಿಗೂ ಅನ್ವಯಿಸುತ್ತದೆ. ಆಮೇಲೆ ನನ್ನನ್ನು ಕೈತೋಟಕ್ಕೆ ಹಾಕುವುದಾದರೆ ಹಾಕಲಿ. ಇಲ್ಲದ ತೋಟವನ್ನೂ ಬೆಳೆಸಿ, ಅದಕ್ಕೂ ಒಂದು ಬ್ಲಾಗ್ ಮಾಡುತ್ತೇನೆ.

ಅಷ್ಟಾಗಿಯೂ ಅಳಿಸಲೇಬೇಕೆಂದು ನಿನಗನ್ನಿಸಿದರೆ ನೀನೇ ಅಳಿಸು. ನೀನು ಮುಖ್ಯೋಪಾಧ್ಯಾಯಿನಿ, ನಿನಗೆ ಅಧಿಕಾರವಿದೆ. ಪಾಸ್‌ವರ್ಡನ್ನು ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಮಡಚಿಟ್ಟಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ನಿನ್ನ ಕೈಗೆ ಮುಟ್ಟಿಸುತ್ತೇನೆಂದು ಕೊರಿಯರ್ ಅಂಗಡಿಯವನು ಮಾತು ಕೊಟ್ಟಿದ್ದಾನೆ, ಹಾಗಾಗಿ ಸಮಯವಿರಲಿಲ್ಲ ಎನ್ನುವ ನೆಪವನ್ನೂ ನಿನಗೆ ಬಿಡುತ್ತಿಲ್ಲ. ನಿನ್ನ ಮಗಳ ಕಂಪ್ಯೂಟರಿನಲ್ಲಿ ತೆರೆ. ಅಳಿಸುವ ಗುಂಡಿ ಪುಟದ ಕಟ್ಟಕಡೆಯಲ್ಲಿದೆ, ಅಲ್ಲಿಗೆ ಹೋಗಬೇಕಾದರೆ ಮೇಲಿನದನ್ನೆಲ್ಲ ದಾಟಿಕೊಂಡು ಹೋಗಬೇಕು. ನಿನ್ನನ್ನು ಓದಿಸಲೆಂದು ನಾನು ಅಲ್ಲಿಟ್ಟದ್ದಲ್ಲ, ಅದು ಇರುವುದೇ ಅಲ್ಲಿ. ಯಾಕಯ್ಯನ ನೆರಳನ್ನು ದಾಟು, ಸೆಕೆಯಾದ ಐಸನ್ನು ದಾಟು, ನನ್ನ ವಯಸ್ಸಾದ ಸ್ವೆಟರನ್ನೂ ದಾಟು. ಆಮೇಲೂ ಬೆರಳು ಒತ್ತಿದರೆ ಒತ್ತಲಿ. ಅದು ನಿನ್ನ ಬೆರಳಾಗಿರಬೇಕು, ನನ್ನದಲ್ಲ, ಆ ಬಡಪಾಯಿ ಲೆಕ್ಕದ ಮೇಷ್ಟ್ರದ್ದೂ ಅಲ್ಲ.

ಔಷಧಿ ತಪ್ಪಿಸಬೇಡ. ನಿನ್ನನ್ನು ನಡೆಸಲು ಬರುವ ಫಿಸಿಯೋಥೆರಪಿಯವಳು ಹೇಳಿದಷ್ಟು ನಡೆ, ಅವಳಿಗೆ ಪಾಠ ಹೇಳಲು ಹೋಗಬೇಡ. ಮಗಳ ಮನೆಯ ಪಾತ್ರೆಗಳನ್ನು ನಿನ್ನ ಕ್ರಮದಲ್ಲಿ ಜೋಡಿಸಲು ಹೋಗಬೇಡ. ನಿನ್ನ ಕಾಲಿಗೆ ಬಲ ಬರಲಿ, ಮನಸ್ಸಿಗೆ ಸಮಾಧಾನ ಬರಲಿ, ನಿದ್ದೆ ಚೆನ್ನಾಗಿ ಬರಲಿ. ಮೊಮ್ಮಗುವಿಗೆ ನನ್ನ ಮುತ್ತು. ಮಗಳಿಗೆ, ಈ ಪತ್ರದಲ್ಲಿ ಹೊಲಿಗೆ ಇದ್ದಿದ್ದರೂ ಬಿಚ್ಚುವಷ್ಟು ನಗುವಿಲ್ಲ, ಹೆದರಬೇಡ ಎಂದು ಹೇಳು.

ಎಂದೂ ನಿನ್ನ ಒಳ್ಳೆಯದನ್ನೇ ಬಯಸುವ,
ನಿನ್ನ ಚಟಾಕಿ

ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಟ್ಟುಕೊಂಡಿದ್ದದ್ದು: ನಿನ್ನ ಆಜ್ಞೆ ಪ್ರಭಾರಿಗಳ ಮೂಲಕ ತಲುಪಿತು ಎಂದು ಬರೆದೆ. ಅವರು ಬಾಯಿಮಾತಿನಲ್ಲಿ ಹೇಳಲಿಲ್ಲ. ನಾವೆಲ್ಲ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಕೂತಿದ್ದಾಗ, ನೀನು ಅವರಿಗೆ ಕಳಿಸಿದ್ದ ದನಿ ಸಂದೇಶವನ್ನೇ ಹಾಕಿದರು. ‘ಅಳಿಸೋಕೆ ಹೇಳಿ’ ಎನ್ನುವಲ್ಲಿಗೆ ನಿಲ್ಲಿಸಬೇಕೆಂದಿದ್ದರು, ಪಾಪ. ಕನ್ನಡಕ ಹಣೆಯ ಮೇಲಿತ್ತು, ಬೆರಳು ಎಲ್ಲೋ ಬಿತ್ತು, ನಿಲ್ಲುವ ಬದಲು ದನಿ ದೊಡ್ಡದಾಯಿತು. ಮುಂದಿನದನ್ನು ನಾವೆಲ್ಲರೂ ಕೇಳಿದೆವು.

“ಅವಳ ಹತ್ರ ನಾನು ಮಾತಾಡಲ್ಲ ಸರ್. ಏನು ಹೇಳಿದ್ರೂ ನಗಿಸಿ ಕಳಿಸ್ತಾಳೆ. ಅವಳು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳೋಳಲ್ಲ. ನೀವೇ ಹೇಳಿ, ಬೇಜಾರೇನೂ ಆಗಲ್ಲ ಅವಳಿಗೆ.”

ಎಲ್ಲರೂ ತಮ್ಮ ತಮ್ಮ ಡಬ್ಬಿ ನೋಡಿಕೊಂಡರು. ನಾನು ಏನೋ ಒಂದು ತಮಾಷೆ ಹೇಳಿದೆ, ಏನೆಂದು ಈಗ ನೆನಪಿಲ್ಲ. ಎಲ್ಲರೂ ನಕ್ಕರು, ಅವರಿಗೂ ಅದು ಬೇಕಾಗಿತ್ತು. ಆಮೇಲೆ ಡಬ್ಬಿ ತೊಳೆಯಲು ಕೆಳಗಿನ ನಲ್ಲಿಗೆ ಹೋಗಿ, ತೊಳೆದ ಡಬ್ಬಿಯನ್ನೇ ತೊಳೆಯುತ್ತ ಗಂಟೆ ಹೊಡೆಯುವ ತನಕ ನಿಂತಿದ್ದೆ.

ಆಗುತ್ತದೆ ಕಣೇ, ಬೇಜಾರು ನನಗೂ ಆಗುತ್ತದೆ. ನೀನು ನಡೆಯುವಂತಾಗಿ ಬಂದ ದಿನ ನನ್ನೆದುರು ಕೂತು, ಬೇರೆಯವರ ಬಾಯಲ್ಲಿ ಹೇಳಿಸದೆ, ಏನು ಹೇಳಬೇಕೋ ನೀನೇ ಹೇಳು. ಅವತ್ತು ನಾನು ನಗಿಸುವುದಿಲ್ಲ.